ಮೂವತ್ತೇಳು ಬಿಲ್ಲೆಗಳ ಬಾಣಂತನ

ಬಾಳೆಕಟ್ಟೆ ಎಸ್ಟೇಟಿನಲ್ಲಿ ಜನವರಿ ಇಪ್ಪತ್ತಾರಕ್ಕೆ ರಜೆ. ಕಣದ ಮೇಲೆ ಹರವಿದ ಕಾಫಿಗೆ ಮಾತ್ರ ರಜೆ ಇಲ್ಲ. ಹಿಂದಿನ ದಿನ ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಟ್ಟು, ತೊಳೆದು ಬಂದ ಪಾರ್ಚ್‌ಮೆಂಟನ್ನು, ಅಂದರೆ ಒಳಸಿಪ್ಪೆ ಉಳಿದ ಬೀಜವನ್ನು, ಬಿಸಿಲಿಗೆ ಹಾಕಬೇಕು, ಗಂಟೆಗೊಮ್ಮೆ ಕೆದಕಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಒಂದು ದಿನ ಹಾಗೇ ಬಿಟ್ಟರೆ ಬೀಜಕ್ಕೆ ಹುಳಿವಾಸನೆ ಹತ್ತುತ್ತದೆ. ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ರಸ್ತೆಯಲ್ಲಿರುವ ಈ ನೂರಿಪ್ಪತ್ತು ಎಕರೆ ತೋಟದಲ್ಲಿ, ಉಳಿದವರೆಲ್ಲ ಹಬ್ಬ ಮಾಡುವ ದಿನ ನಾಲ್ಕು ಜನ ಕಣಕ್ಕೆ ಬರುವುದು ಹಳೆಯ ಪದ್ಧತಿ. ಹನ್ನೆರಡು ವರ್ಷ ಆ ನಾಲ್ವರಲ್ಲಿ ಒಬ್ಬರು ಪಾಪಮ್ಮ.

ಆಫೀಸಿನ ಗೋಡೆಯ ಮೇಲೆ ಪ್ರತಿ ವರ್ಷ ಒಂದು ರಜಾ ಪಟ್ಟಿ ತೂಗುತ್ತಿತ್ತು. ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ, ಈ ಐದು ಬದಲಾಗುತ್ತಿರಲಿಲ್ಲ. ಇನ್ನೈದು ಹಬ್ಬಗಳನ್ನು ಕೆಲಸಗಾರರನ್ನು ಕೇಳಿ ಬರೆಯುತ್ತಿದ್ದರು. ಈ ಹತ್ತು ದಿನ ಕೆಲಸ ಮಾಡದಿದ್ದರೂ ಕೂಲಿ ಉಂಟು. ಕೆಲಸ ಮಾಡಿದವರಿಗೆ ಎರಡು ಪಟ್ಟು ಕೂಲಿ, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಇನ್ನೊಂದು ದಿನ ಸಂಬಳದ ರಜೆ. ಅದಕ್ಕೆ ಬದಲಿ ರಜೆ ಎನ್ನುತ್ತಿದ್ದರು.

1994ರಲ್ಲಿ ತೋಟದ ರೈಟರ್ ಆಗಿದ್ದವರು ಸುಬ್ಬಣ್ಣ. ಹಾಜರಿ ಪುಸ್ತಕ ಬರೆಯುವುದು, ಕೂಲಿ ಕೊಡುವುದು, ಪಟ್ಟಿ ತೂಗುಹಾಕುವುದು ಅವರ ಕೆಲಸ. ಆ ವರ್ಷದ ಗಣರಾಜ್ಯೋತ್ಸವದ ಸಂಜೆ ಅವರು ಕಣದ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರು: "ದುಡ್ಡು ಬೇಕಾ, ದಿನ ಬೇಕಾ?"

ಮೂವರು ದುಡ್ಡು ಎಂದರು. ಪಾಪಮ್ಮ ದಿನ ಎಂದರು.

ಸುಬ್ಬಣ್ಣನವರಿಗೆ ತಮ್ಮ ನೆನಪಿನ ಮೇಲೆ ನಂಬಿಕೆ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಬದಲಿ ರಜೆಗೆ ಬೇರೆ ಕಾಲಮ್ಮೂ ಇರಲಿಲ್ಲ. ಹಿಂದಿನ ಮಾಲೀಕರ ಕಾಲದಲ್ಲಿ ಹಣ್ಣಿನ ಚೀಲ ಎಣಿಸಲು ಮಾಡಿಸಿದ್ದ ಐವತ್ತು ಹಿತ್ತಾಳೆ ಬಿಲ್ಲೆಗಳು ಆಫೀಸಿನ ಡಬ್ಬಿಯೊಂದರಲ್ಲಿ ಬಿದ್ದಿದ್ದವು. ಅದರಲ್ಲೊಂದನ್ನು ತೆಗೆದು ಪಾಪಮ್ಮನ ಕೈಗಿಟ್ಟರು.

"ಯಾವತ್ತು ರಜೆ ಬೇಕೋ ಅವತ್ತು ಬೆಳಗ್ಗೆ ಇದನ್ನ ತಂದು ಮೇಜಿನ ಮೇಲಿಡು. ನಾನು ಏನೂ ಕೇಳಲ್ಲ."

ಬಿಲ್ಲೆಯ ನಿಯಮ ಅಷ್ಟೇ. ಅದನ್ನು ಯಾರೂ ಎಲ್ಲೂ ಬರೆದಿಡಲಿಲ್ಲ.

ಪಾಪಮ್ಮ ದಿನ ಕೇಳಿದ್ದಕ್ಕೆ ಕಾರಣವಿತ್ತು. 1984ರಲ್ಲಿ ಮಗಳು ಪವಿತ್ರಾ ಹುಟ್ಟಿದಾಗ ಬಾಣಂತನಕ್ಕೆಂದು ಅವರ ತಾಯಿ ಕಳಸದ ಹತ್ತಿರದ ಒಂದು ತೋಟದಿಂದ ಬಂದಿದ್ದರು. ಬಾಣಂತನವೆಂದರೆ ನಲವತ್ತು ದಿನ. ಒಂಬತ್ತನೆಯ ದಿನ ಆ ತೋಟದ ಮೇಸ್ತ್ರಿಯ ಕಡೆಯಿಂದ ಸುದ್ದಿ ಬಂತು: ನಾಳೆ ಹಾಜರಿಗೆ ಬಾರದಿದ್ದರೆ ಹೆಸರು ತೆಗೆಯುತ್ತಾರೆ. ತಾಯಿ ಹತ್ತನೆಯ ದಿನದ ಮೊದಲ ಬಸ್ಸು ಹಿಡಿದರು. ಅಂದಿನಿಂದ ಪಾಪಮ್ಮ ಮಗುವಿನ ಬಟ್ಟೆಯನ್ನು ತಾವೇ ಹಳ್ಳದ ನೀರಿನಲ್ಲಿ ಒಗೆದರು. ಚಳಿಗಾಲ ಬಂದರೆ ಸೊಂಟ ಹಿಡಿಯುವುದು ಆಗ ಶುರುವಾಯಿತು ಎಂದು ಅವರ ಲೆಕ್ಕ. ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ ಯಾರಾದರೂ ಸೊಂಟದ ವಿಷಯ ತೆಗೆದರೆ, "ನಾನು ಒಂಬತ್ತು ದಿನದ ಬಾಣಂತಿ" ಎನ್ನುತ್ತಿದ್ದರು. ತಮ್ಮ ಮಗಳಿಗೆ ಹಾಗಾಗಬಾರದು. ಅದಕ್ಕೆ ನಲವತ್ತು ದಿನ ಬೇಕು. ಮೊದಲ ಬಿಲ್ಲೆ ಕೈಗೆ ಬಂದಾಗ ಪವಿತ್ರಾಗೆ ಹತ್ತು ವರ್ಷ.

ಗಂಡ ಗುರುವಯ್ಯ ಅದಕ್ಕೆ ಎರಡು ವರ್ಷ ಮೊದಲೇ ಜ್ವರದಲ್ಲಿ ತೀರಿಕೊಂಡಿದ್ದರು. ಖಾಯಂ ಪಟ್ಟಿಯಲ್ಲಿ ಅವರ ಹೆಸರಿದ್ದ ಕಡೆ ಪಾಪಮ್ಮನ ಹೆಸರು ಬಂತು. ತೋಟದ ಲೈನ್ ಮನೆ ಆ ಹೆಸರಿಗೆ ಸೇರಿದ್ದು. ಹೆಸರು ಹೋದರೆ ಮನೆಯೂ ಹೋಗುತ್ತದೆ.

ಬಿಲ್ಲೆಗಳು ಒಂದೊಂದಾಗಿ ಸೇರಿದವು. ಕಣದ ಕಾಲ ನವೆಂಬರಿನಿಂದ ಮಾರ್ಚ್‌ವರೆಗೆ. ಅಷ್ಟರಲ್ಲಿ ರಾಜ್ಯೋತ್ಸವ, ದೀಪಾವಳಿ, ಸಂಕ್ರಾಂತಿ, ಗಣರಾಜ್ಯೋತ್ಸವ, ಶಿವರಾತ್ರಿ ಬರುತ್ತವೆ. ಒಂದು ವರ್ಷ ಎರಡು ಬಿಲ್ಲೆ, ಒಂದು ವರ್ಷ ನಾಲ್ಕು. ಪವಿತ್ರಾಗೆ ಕಾಮಾಲೆಯಾದಾಗ ಎರಡನ್ನು ಹಿಂದೆ ಕೊಟ್ಟರು. ಅದಾದ ಮೇಲೆ ಒಂದನ್ನೂ ಕೊಡಲಿಲ್ಲ.

ಆಫೀಸಿನ ಕಡೆಯಿಂದ ನೋಡಿದರೆ ಕತೆಯೇ ಬೇರೆ. ಬೇರೆಯವರು ಯಾರಾದರೂ ದುಡ್ಡು ಬಿಟ್ಟು ದಿನ ಕೇಳಿದರೆ ವಾರದೊಳಗೆ ರಜೆ ತೆಗೆದುಕೊಂಡು ಬಿಲ್ಲೆ ವಾಪಸು ಮಾಡುತ್ತಿದ್ದರು. ಪಾಪಮ್ಮನವೂ ಹಾಗೆಯೇ ಬಂದು ಡಬ್ಬಿ ಸೇರುತ್ತಿವೆ ಎಂದು ಎಲ್ಲರೂ ತಿಳಿದಿದ್ದರು. 1999ರಲ್ಲಿ ಸುಬ್ಬಣ್ಣ ನಿವೃತ್ತರಾದರು. 2001ರಲ್ಲಿ ಅವರ ನಂತರದ ರೈಟರ್ ಡಬ್ಬಿ ತೆರೆದು ಎಣಿಸಿದಾಗ ಬಿಲ್ಲೆಗಳು ಅರ್ಧದಷ್ಟೂ ಇರಲಿಲ್ಲ. ಪಲ್ಪರ್ ಮನೆ, ಗೋದಾಮು, ಕಣದ ಮೂಲೆ ಎಲ್ಲ ಕಡೆ ಹುಡುಕಿಸಿದರು. ಹಿತ್ತಾಳೆ ಆಸೆಗೆ ಯಾರೋ ಮಾರಿಕೊಂಡಿರಬೇಕು ಎಂದರು. ಕೊನೆಗೆ ಚಿಕ್ಕಮಗಳೂರಿನ ಒಂದು ಪಾತ್ರೆ ಅಂಗಡಿಯಲ್ಲಿ ಮೂವತ್ತು ಅಲ್ಯೂಮಿನಿಯಂ ಬಿಲ್ಲೆ ಮಾಡಿಸಿ ತಂದರು. ಹುಡುಕಿದವರಲ್ಲಿ ಪಾಪಮ್ಮನೂ ಇದ್ದರು. ಕಣದ ಚರಂಡಿಯನ್ನು ಅವರೇ ಕೋಲಿನಿಂದ ಕೆದಕಿ ನೋಡಿದ್ದರು.

ಆ ಹೊತ್ತಿಗೆ ಕಾಫಿಯ ಬೆಲೆ ಬಿದ್ದಿತ್ತು. ಖರ್ಚು ಇಳಿಸಲು ಮಾಲೀಕರು 2002ರಲ್ಲಿ ಹೊಸ ನಿಯಮ ತಂದರು. ರಜೆ ಇಲ್ಲದೆ ಸತತ ಹತ್ತು ದಿನ ಗೈರಾದವರ ಹೆಸರು ಖಾಯಂ ಪಟ್ಟಿಯಿಂದ ಇಳಿದು ಹಂಗಾಮಿ ಪಟ್ಟಿಗೆ ಹೋಗುತ್ತದೆ. ಅದರಡಿ ಮೊದಲು ಹೆಸರು ಇಳಿದದ್ದು ಪಾಪಮ್ಮನ ಪಕ್ಕದ ಮನೆಯ ತಂಗಮ್ಮನದು. ಅಣ್ಣನಿಗೆ ಕಾಯಿಲೆಯೆಂದು ಎರಡು ವಾರ ಹೋಗಿದ್ದರು. ಗಂಡನ ಹೆಸರು ಖಾಯಂ ಪಟ್ಟಿಯಲ್ಲಿ ಇದ್ದುದರಿಂದ ಅವರಿಗೆ ಮನೆ ಉಳಿಯಿತು. ಪಾಪಮ್ಮನಿಗೆ ಹಾಗೆ ಉಳಿಸುವ ಇನ್ನೊಂದು ಹೆಸರು ಇರಲಿಲ್ಲ. ವಾರ್ಷಿಕ ರಜೆ ಎಂಬುದೊಂದಿತ್ತು. ಅದನ್ನು ತೋಟ ಮಳೆಗಾಲದಲ್ಲೇ ಎಲ್ಲರಿಗೂ ಕೊಟ್ಟು ಮುಗಿಸುತ್ತಿತ್ತು.

ಪವಿತ್ರಾಳ ಮದುವೆ 2004ರಲ್ಲಿ ಆಯಿತು. ಗಂಡ ಅಶ್ವಿನ್ ಮಲ್ಲಂದೂರಿನವನು, ಬಾಡಿಗೆ ಜೀಪು ಓಡಿಸುತ್ತಾನೆ. ಅವನಿಗೆ ತಾಯಿ ಇಲ್ಲ. ಮರುವರ್ಷದ ಕೊನೆಯಲ್ಲಿ ಪವಿತ್ರಾ ತುಂಬಿದ ಹೊಟ್ಟೆಯಲ್ಲಿ ತವರಿಗೆ ಬಂದಳು. ಆಗ ಪಾಪಮ್ಮನ ಪೆಟ್ಟಿಗೆಯಲ್ಲಿ ಇದ್ದದ್ದು ಮೂವತ್ತೇಳು ಬಿಲ್ಲೆ. ಮೂರು ಕಡಿಮೆ.

ಡಿಸೆಂಬರ್ ಎರಡನೆಯ ವಾರ ಹಾಜರಿ ಮುಗಿದ ಮೇಲೆ ಪಾಪಮ್ಮ ಆಫೀಸಿಗೆ ಹೋದರು. ಮೇಜಿನ ಮೇಲೆ ಬಟ್ಟೆಯ ಗಂಟು ಬಿಚ್ಚಿದರು. ಈಗಿನ ರೈಟರ್ ಅರುಣ್, ಮೂಡಿಗೆರೆಯವರು, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

"ಎಂಥದು ಪಾಪಮ್ಮ ಇದು?"

"ಬಿಲ್ಲೆ, ರೈಟ್ರೆ."

"ಬಿಲ್ಲೆ ಅಂತ ಕಾಣ್ತದೆ. ಇಷ್ಟೊಂದು ಎಲ್ಲಿ ಸಿಕ್ತು?"

"ಸಿಕ್ಕಿದ್ದಲ್ಲ. ನೀವೇ ಕೊಟ್ಟಿದ್ದು. ನಿಮ್ಮದು ಆರು. ಉಳಿದದ್ದು ನಿಮಗಿಂತ ಮುಂಚೆ ಇದ್ದವರದ್ದು."

ಅರುಣ್ ಹಿತ್ತಾಳೆಯವನ್ನು ಒಂದು ಕಡೆ, ಅಲ್ಯೂಮಿನಿಯಂನವನ್ನು ಒಂದು ಕಡೆ ಮಾಡಿದರು. ಹಾಗೆ ಯಾಕೆ ಮಾಡಿದರೆಂದು ಅವರಿಗೇ ಗೊತ್ತಿರಲಿಲ್ಲ. ಅವರು ಕೇಳಿದರು: "ಅವತ್ತು ಬಿಲ್ಲೆ ಕಳೆದು ಹೋಗಿದೆ ಅಂತ ತೋಟ ಎಲ್ಲ ಹುಡುಕಿಸಿದ್ರಂತೆ. ಆಗ ನೀವು ಹೇಳಬಾರದಿತ್ತಾ?"

"ಅವರು ಕಳೆದದ್ದನ್ನ ಹುಡುಕ್ತಿದ್ರು. ಇವು ಕಳೆದಿರಲಿಲ್ಲ. ನನ್ನ ಪೆಟ್ಟಿಗೇಲಿದ್ವು."

ಮಾಲೀಕ ಮಲ್ಲಿಕಾರ್ಜುನ ಒಳಗೆ ಬಂದಾಗ ಅರುಣ್ ಹನ್ನೊಂದು ಅಲ್ಯೂಮಿನಿಯಂ ಬಿಲ್ಲೆಗಳನ್ನು ಎರಡನೆಯ ಸಲ ಎಣಿಸುತ್ತಿದ್ದರು. ಮಲ್ಲಿಕಾರ್ಜುನ ಐವತ್ತು ದಾಟಿದವರು, ತಂದೆಯಿಂದ ತೋಟ ಬಂದು ಹದಿನಾಲ್ಕು ವರ್ಷವಾಗಿತ್ತು. ವಿಷಯ ಕೇಳಿ ಕುರ್ಚಿ ಎಳೆದು ಕೂತರು.

"ಇಷ್ಟಕ್ಕೂ ದುಡ್ಡು ತಗೊಂಡುಬಿಡು ಪಾಪಮ್ಮ. ಈಗಿನ ಕೂಲಿ ಲೆಕ್ಕದಲ್ಲೇ ಕೊಡ್ತೇನೆ."

"ದುಡ್ಡಾಗಿದ್ರೆ ಅವತ್ತೇ ತಗೊಳ್ತಿದ್ದೆ ಸಾವ್ಕಾರ್ರೆ. ಮಗಳ ಬಾಣಂತನಕ್ಕೆ ದಿನ ಬೇಕು."

"ಯಾವಾಗ?"

"ಜನವರಿ ಕೊನೇಲಿ ಅಂದಿದಾರೆ ಡಾಕ್ಟ್ರು."

"ಜನವರಿ ಕೊನೇಲಿ ಕಣದಲ್ಲಿ ಕಾಲಿಡೋಕೆ ಜಾಗ ಇರಲ್ಲ. ನೀನಿಲ್ಲದಿದ್ರೆ ಬೀಜ ಒಣಗಿದ್ದು ಯಾರು ನೋಡ್ತಾರೆ?"

"ಮಗು ನಮ್ಮ ಪಟ್ಟಿ ನೋಡಿ ಬರಲ್ವಲ್ಲ."

ಮಲ್ಲಿಕಾರ್ಜುನ ಇಲ್ಲ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಬಿಲ್ಲೆಯ ಮೇಲೆ ತಾರೀಖು ಇರಲಿಲ್ಲ. ಯಾವುದು ಯಾವ ಹಬ್ಬದ್ದೆಂದು ಹೇಳುವವರಿಲ್ಲ. 1997ರಲ್ಲೂ 2003ರಲ್ಲೂ ಗಣರಾಜ್ಯೋತ್ಸವ ಭಾನುವಾರವೇ ಬಿದ್ದಿತ್ತು. ಹೇಗಿದ್ದರೂ ವಾರದ ರಜೆಯಾಗಿದ್ದ ದಿನಕ್ಕೆ ಬದಲಿ ರಜೆ ಒಂದೋ, ಎರಡೋ? ಮೊನ್ನೆಯ ನವೆಂಬರ್ ಒಂದರಂದು ರಾಜ್ಯೋತ್ಸವವೂ ನರಕ ಚತುರ್ದಶಿಯೂ ಒಟ್ಟಿಗೆ ಬಂದಿದ್ದವು. ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು. ಅರುಣ್ ಒಂದು ಬಿಲ್ಲೆ ಕೊಟ್ಟಿದ್ದರು, ಪಾಪಮ್ಮ ಎರಡು ಕೇಳಿದ್ದರು. ಅದಿನ್ನೂ ಇತ್ಯರ್ಥವಾಗಿರಲಿಲ್ಲ.

"ಸುಬ್ಬಣ್ಣನ್ನ ಕೇಳಿಕೊಂಡು ಬಾ" ಎಂದು ಅರುಣ್‌ಗೆ ಹೇಳಿ ಮಾಲೀಕರು ಎದ್ದರು. ಬಿಲ್ಲೆಗಳನ್ನು ಆಫೀಸಿನಲ್ಲೇ ಇಟ್ಟು ಹೋಗು ಎಂದರು. ಪಾಪಮ್ಮ ಗಂಟು ಕಟ್ಟಿಕೊಂಡು ಮನೆಗೆ ಒಯ್ದರು.

ಸುಬ್ಬಣ್ಣ ಮೂಡಿಗೆರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮಗನ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದರು. ಅರುಣ್ ಕೇಳಿದ್ದಕ್ಕೆ ತಕ್ಷಣ ಒಪ್ಪಿಕೊಂಡರು.

"ಕೊಟ್ಟಿದ್ದೆ ಮಾರಾಯ. ಹದಿನೆಂಟೋ ಇಪ್ಪತ್ತೋ ಕೊಟ್ಟಿರಬೇಕು."

"ಎಲ್ಲ ರಜಾ ದಿನದ ಕೆಲಸಕ್ಕೇ ಕೊಟ್ಟದ್ದಾ?"

ಸುಬ್ಬಣ್ಣ, "ಒಂದು ಮಾತ್ರ ಹೇಳಕ್ಕಾಗಲ್ಲ" ಎಂದರು.

ಅದು 1997ರ ಸಂಗತಿ. ಆ ವರ್ಷದ ಪಟ್ಟಿ ಮಾಡುವಾಗ ಅವರು ಹಿಂದಿನ ವರ್ಷದ್ದನ್ನೇ ಎದುರಿಗಿಟ್ಟುಕೊಂಡು ಇಸವಿ ಬದಲಿಸಿ ಬರೆದಿದ್ದರು. ರಾಷ್ಟ್ರೀಯ ರಜೆಗಳಿಗೆ ಅದರಿಂದ ತೊಂದರೆ ಆಗಲಿಲ್ಲ. ಶಿವರಾತ್ರಿ ಮಾತ್ರ ಫೆಬ್ರವರಿ ಹದಿನೇಳಕ್ಕೇ ಉಳಿಯಿತು. ನಿಜವಾದ ಶಿವರಾತ್ರಿ ಇದ್ದದ್ದು ಮಾರ್ಚ್ ಏಳಕ್ಕೆ. ಫೆಬ್ರವರಿ ಹದಿನೇಳರಂದು ಗೇಟಿಗೆ ಬೀಗ ಬಿತ್ತು. ಜನ ಬೀಗ ನೋಡಿ, ಪಟ್ಟಿ ನೋಡಿ, ಯಾವ ದೇವರಿಗೆ ಏನು ಮಾಡಬೇಕೆಂದು ತಿಳಿಯದೆ ವಾಪಸು ಹೋದರು. ಮಾರ್ಚ್ ಏಳರಂದು ಉಪವಾಸ ಇದ್ದುಕೊಂಡೇ ಕೆಲಸಕ್ಕೆ ಬಂದರು. ಪಾಪಮ್ಮ ಎರಡೂ ದಿನ ಕಣದಲ್ಲಿದ್ದರು. ಯಾವುದು ರಜೆ ಎಂದು ಕೇಳಿದರು. ಸುಬ್ಬಣ್ಣ ಎರಡು ಬಿಲ್ಲೆ ಕೊಟ್ಟು ಸುಮ್ಮನಾಗಿಸಿದ್ದರು.

"ಹಾಗಾದ್ರೆ ಮೂವತ್ತೇಳೋ, ಮೂವತ್ತಾರೋ?" ಅರುಣ್ ಕೇಳಿದರು.

"ಶಿವನಿಗೆ ಕೇಳಬೇಕು" ಎಂದರು ಸುಬ್ಬಣ್ಣ. "ಸಾವ್ಕಾರ್ರಿಗೆ ಇದು ಹೇಳಬೇಡ" ಎಂದೂ ಸೇರಿಸಿದರು.

ಅರುಣ್ ಹೇಳಿದರು. ಮಲ್ಲಿಕಾರ್ಜುನ ನಗಲಿಲ್ಲ. ಆ ವಾರ ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋದವರು ಕಾರ್ಮಿಕ ಕಾಯ್ದೆಯ ವಿಷಯ ಬಲ್ಲ ಅಧಿಕಾರಿಯೊಬ್ಬರನ್ನು ಕಂಡರು. ಅಧಿಕಾರಿ ಪುಸ್ತಕ ತೆಗೆದು ಓದಿ ಹೇಳಿದರು. ಎರಡು ಪಟ್ಟು ಕೂಲಿ, ಇಲ್ಲವೇ ಬದಲಿ ರಜೆ. ಇದು ಮಲ್ಲಿಕಾರ್ಜುನ ಅವರಿಗೆ ಗೊತ್ತಿದ್ದದ್ದೇ. ಬದಲಿ ರಜೆಯನ್ನು ಹನ್ನೆರಡು ವರ್ಷ ಕೂಡಿಟ್ಟರೆ ಏನು ಎಂದು ಕೇಳಿದರು. ಅಧಿಕಾರಿ ಪುಸ್ತಕ ಮುಚ್ಚಿದರು.

"ಕೂಡಿಡೋ ವಿಷಯ ಇದರಲ್ಲಿ ನನಗೆ ಕಾಣ್ತಾ ಇಲ್ಲ. ಕೂಡಿಡಬಾರದು ಅಂತಲೂ ಕಾಣ್ತಾ ಇಲ್ಲ. ಆಗಿಂದಾಗಲೇ ಕೊಟ್ಟು ಮುಗಿಸಬೇಕಿತ್ತು ಸಾರ್. ನೀವ್ಯಾಕೆ ಕೊಡಲಿಲ್ಲ?"

"ಅವಳು ಕೇಳಲಿಲ್ಲ."

"ಅವಳ್ಯಾಕೆ ಕೇಳಲಿಲ್ಲ?"

"ನಾವು ಬಿಲ್ಲೆ ಕೊಟ್ಟಿದ್ವಿ."

ಬರಹದಲ್ಲಿ ಕೊಟ್ಟರೆ ಮೇಲಿನವರನ್ನು ಕೇಳಿ ತಿಳಿಸುತ್ತೇನೆ ಎಂದರು ಅಧಿಕಾರಿ. ಬರಹದಲ್ಲಿ ಏನೆಂದು ಬರೆಯುವುದು ಎಂದು ಮಲ್ಲಿಕಾರ್ಜುನ ದಾರಿಯುದ್ದಕ್ಕೂ ಯೋಚಿಸಿದರು. ಕೊನೆಗೆ ಏನನ್ನೂ ಬರೆಯಲಿಲ್ಲ.

ಸಂಕ್ರಾಂತಿಗೆ ಪಾಪಮ್ಮ ಕಣಕ್ಕೆ ಬಂದರು. ಆ ಸಂಜೆ ಅರುಣ್ ದುಡ್ಡೋ ದಿನವೋ ಎಂದು ಕೇಳಲಿಲ್ಲ. ನಾಲ್ವರಿಗೂ ಎರಡು ಪಟ್ಟು ಕೂಲಿ ಬರೆದರು. ಮೂವತ್ತೆಂಟನೆಯ ಬಿಲ್ಲೆ ಬರಲಿಲ್ಲ. ರಜೆಯ ಮಾತು ಏನಾಯಿತು ಎಂದು ಪಾಪಮ್ಮ ಕೇಳಿದರು. "ಸಾವ್ಕಾರ್ರು ನಾಳೆ ಹೇಳ್ತಾರಂತೆ" ಎಂದರು ಅರುಣ್.

ಜನವರಿ ಹತ್ತೊಂಬತ್ತರ ಗುರುವಾರ ನಸುಕಿನಲ್ಲಿ ಪವಿತ್ರಾಗೆ ಹೆರಿಗೆ ನೋವು ಬಂತು. ಅಶ್ವಿನನ ಜೀಪಿನಲ್ಲಿ ಮೂಡಿಗೆರೆ ಆಸ್ಪತ್ರೆಗೆ ಹೊರಡುವಾಗ ಪಾಪಮ್ಮ ಗಂಟಿನಿಂದ ನಾಲ್ಕು ಬಿಲ್ಲೆ ತೆಗೆದು ತಂಗಮ್ಮನ ಕೈಯಲ್ಲಿಟ್ಟರು.

"ದಿನಕ್ಕೊಂದು. ಹಾಜರಿಗೆ ಮುಂಚೆ ಮೇಜಿನ ಮೇಲಿಡು. ಏನೂ ಮಾತಾಡಬೇಡ."

"ತಗೊಳ್ಳದಿದ್ರೆ?"

"ಇಟ್ಟು ಬಾ. ತಗೊಳ್ಳೋದು ಬಿಡೋದು ಅವರಿಗೆ ಬಿಟ್ಟದ್ದು."

ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಆ ಬೆಳಗ್ಗೆ ಆಫೀಸಿನ ಮೇಜಿನ ಮೇಲೆ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಅರುಣ್ ಅದನ್ನು ನೋಡಿದರು. ಹಾಜರಿ ಪುಸ್ತಕದಲ್ಲಿ ಪಾಪಮ್ಮನ ಸಾಲಿಗೆ ಬಂದಾಗ ಗೈರು ಎಂದು ಬರೆಯಲು ಕೈ ಬರಲಿಲ್ಲ. ರಜೆ ಎಂದು ಬರೆಯಲು ಯಾರೂ ಹೇಳಿರಲಿಲ್ಲ. ಪೆನ್ನು ಬಿಟ್ಟು ಪೆನ್ಸಿಲ್ ತೆಗೆದುಕೊಂಡು ಒಂದು ಚುಕ್ಕೆ ಇಟ್ಟರು. ಶುಕ್ರವಾರ ಇನ್ನೊಂದು ಚುಕ್ಕೆ, ಶನಿವಾರ ಮತ್ತೊಂದು.

ಭಾನುವಾರ ಸಂಜೆ ಬಾಣಂತಿಯನ್ನು ಲೈನ್ ಮನೆಗೆ ಕರೆತಂದರು. ತಂಗಮ್ಮ ಬಿಸಿನೀರಿನ ಹಂಡೆಗೆ ಬೆಂಕಿ ಹಾಕಿ ಕಾಯುತ್ತಿದ್ದರು. ಒಂದು ಬಿಲ್ಲೆಯನ್ನು ವಾಪಸು ಕೊಟ್ಟರು.

"ಯಾಕೆ, ತಗೊಳ್ಳಲಿಲ್ವಾ?" ಪಾಪಮ್ಮನ ಮುಖ ಸಣ್ಣದಾಯಿತು.

"ಆಫೀಸಿಗೆ ಬೀಗ. ಇವತ್ತು ಭಾನುವಾರ ಅಲ್ವಾ? ಭಾನುವಾರ ನಿಂದೇ ಮಾರಾಯ್ತಿ. ಅದಕ್ಕೂ ಬಿಲ್ಲೆ ಕೊಡ್ತೀಯಾ? ಹಾಗಾದ್ರೆ ನಿದ್ದೆ ಮಾಡೋಕೂ ಒಂದು ಕೊಡು."

ಪಾಪಮ್ಮ ಒಲೆಯ ಮುಂದೆ ಕುಳಿತು ಬೆರಳು ಮಡಚಿದರು. ನಲವತ್ತು ದಿನದಲ್ಲಿ ಆರು ಭಾನುವಾರ. ನಡುವೆ ಗಣರಾಜ್ಯೋತ್ಸವ ಒಂದು. ಅವತ್ತು ಕಣಕ್ಕೆ ಹೋಗದಿದ್ದರೆ ಅದೂ ರಜೆಯೇ. ಹಾಗಾದರೆ ಬೇಕಾದದ್ದು ಮೂವತ್ತಮೂರು ಬಿಲ್ಲೆ. ಹನ್ನೆರಡು ವರ್ಷ ಅವರು ನಲವತ್ತು ದಿನಕ್ಕೆ ನಲವತ್ತು ಎಂದೇ ಎಣಿಸಿದ್ದರು. ಕಳೆದ ವರ್ಷವೇ ಸಾಕಷ್ಟು ಇತ್ತೇನೋ. ಹಾಗಾದರೆ ನಾನು ಮೊನ್ನೆ ದೀಪಾವಳಿಗೆ ಯಾಕೆ ದುಡಿದೆ ಎಂದು ತಂಗಮ್ಮನನ್ನೇ ಕೇಳಿದರು.

"ನಂಗೇನು ಗೊತ್ತು? ನಾನು ದುಡ್ಡು ತಗೊಂಡೆ, ಸೀರೆ ತಗೊಂಡೆ" ಎಂದರು ತಂಗಮ್ಮ.

ಸೋಮವಾರದಿಂದ ಪಾಪಮ್ಮ ತಾವೇ ಬರತೊಡಗಿದರು. ಲೈನ್ ಮನೆಯಿಂದ ಆಫೀಸಿಗೆ ಇನ್ನೂರು ಹೆಜ್ಜೆ. ಬೆಳಗ್ಗೆ ಆರೂಮುಕ್ಕಾಲಿಗೆ ಮಗುವಿಗೆ ಎಣ್ಣೆ ಹಚ್ಚಿ ಬಿಸಿಲು ಬರುವ ಮುಂಚೆ ಬಂದು, ಬಿಲ್ಲೆ ಇಟ್ಟು, ಹಾಜರಿ ಕೂಗುವುದಕ್ಕೆ ಮೊದಲು ಹೊರಟುಬಿಡುತ್ತಿದ್ದರು. ಯಾರೂ ಅವರಿಗೆ ರಜೆ ಕೊಟ್ಟಿರಲಿಲ್ಲ. ಯಾರೂ ಬೇಡ ಎಂದೂ ಹೇಳಲಿಲ್ಲ. ಪ್ರತಿ ಸಂಜೆ ಅರುಣ್ ಮಾಲೀಕರನ್ನು ಕೇಳುವರು, ಮಾಲೀಕರು "ನಾಳೆ ನೋಡೋಣ" ಎನ್ನುವರು. ಹಾಜರಿ ಪುಸ್ತಕದಲ್ಲಿ ಪೆನ್ಸಿಲ್ ಚುಕ್ಕೆಗಳು ಬೆಳೆದವು.

ಲೈನ್ ಮನೆಯ ಜಗಲಿಯಿಂದ ಕಣ ಪೂರ್ತಿ ಕಾಣುತ್ತದೆ. ಪಾಪಮ್ಮ ಬಾಣಂತಿಯ ಬಟ್ಟೆ ಒಣಹಾಕುತ್ತಾ ಅತ್ತ ನೋಡುವರು. ಪಾರ್ಚ್‌ಮೆಂಟನ್ನು ದಪ್ಪಗೆ ಹರವುತ್ತಿದ್ದಾರೆ, ಮಧ್ಯಾಹ್ನ ಕೆದಕುವುದನ್ನು ಮರೆತಿದ್ದಾರೆ. ಕಂಡರೂ ಕೂಗಿ ಹೇಳಲಿಲ್ಲ. "ಹೋಗಿ ಒಂದು ಮಾತು ಹೇಳಿ ಬಾರವ್ವ" ಎಂದಳು ಪವಿತ್ರಾ ಒಳಗಿನಿಂದ. "ಕಣಕ್ಕೆ ಕಾಲಿಟ್ಟರೆ ಹಾಜರಿ ಹಾಕ್ತಾರೆ. ಇವತ್ತಿನ ಬಿಲ್ಲೆ ದಂಡ ಆಗ್ತದೆ" ಎಂದರು ಪಾಪಮ್ಮ.

ಜನವರಿ ಮೂವತ್ತೊಂದರ ಬೆಳಗ್ಗೆ ಅರುಣ್ ಹಾಜರಿ ಪುಸ್ತಕವನ್ನೇ ಎತ್ತಿಕೊಂಡು ಮಾಲೀಕರ ಮುಂದೆ ಹೋದರು.

"ಇವತ್ತಿಗೆ ಹತ್ತು ಚುಕ್ಕೆ ಆತು ಸಾರ್. ಇಪ್ಪತ್ತಾರನ್ನೂ ಸೇರಿಸಿದ್ರೆ ನಿನ್ನೇಗೇ ಹತ್ತು. ಅವತ್ತು ರಜೆ, ಆದ್ರೆ ಅವರು ಮುಂಚಿನ ದಿನವೂ ಬಂದಿಲ್ಲ, ಮಾರನೇ ದಿನವೂ ಬಂದಿಲ್ಲ. ಅದನ್ನ ರಜೆ ಅನ್ನೋದಾ, ಗೈರು ಅನ್ನೋದಾ?"

"ನೀನೇನಂತೀಯಾ?"

"ನಂಗೆ ಗೊತ್ತಾಗ್ತಿಲ್ಲ. ನಮ್ಮ ನಿಯಮದ ಪ್ರಕಾರ ಇವತ್ತು ಹೆಸರು ಇಳಿಸಬೇಕು. ತಂಗಮ್ಮಂದು ಹಾಗೇ ಇಳಿಸಿದ್ದಂತೆ."

ಮಲ್ಲಿಕಾರ್ಜುನ ಎದ್ದು ಕಣದ ಕಡೆ ನಡೆದರು. ಅಲ್ಲಿ ಬೇರೊಂದು ಗೊಂದಲ ಕಾದಿತ್ತು. ಐದು ದಿನದ ಕೆಳಗೆ ಹರವಿದ ರಾಶಿ ಒಣಗಿದೆ ಎಂದು ಮೇಸ್ತ್ರಿ, ಇಲ್ಲ ಎಂದು ತಂಗಮ್ಮ. ಮೇಸ್ತ್ರಿ ಮುಷ್ಟಿಯಲ್ಲಿ ಹಿಡಿದು ಅಲುಗಿಸಿ ಸದ್ದು ಕೇಳಿಸಿದರು. ತಂಗಮ್ಮ ಬೀಜ ಕಚ್ಚಿ ತೋರಿಸಿದರು. ಹಸಿ ಉಳಿದರೆ ಗೋದಾಮಿನಲ್ಲಿ ಬೂಸ್ಟು ಹಿಡಿಯುತ್ತದೆ, ಹೆಚ್ಚು ಒಣಗಿದರೆ ತೂಕ ಹೋಗುತ್ತದೆ. ಮಲ್ಲಿಕಾರ್ಜುನ ಕರವಸ್ತ್ರದಲ್ಲಿ ಒಂದು ಹಿಡಿ ಪಾರ್ಚ್‌ಮೆಂಟ್ ಕಟ್ಟಿಕೊಂಡು ಲೈನಿನ ದಾರಿ ಹಿಡಿದರು. ಅರುಣ್ ಹಾಜರಿ ಪುಸ್ತಕ ಹಿಡಿದೇ ಹಿಂದೆ ಹೋದರು.

ಪಾಪಮ್ಮ ಜಗಲಿಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮಾಲೀಕರನ್ನು ಕಂಡು ಎದ್ದರು. ಅರುಣ್ ಕೈಯಲ್ಲಿದ್ದ ಪುಸ್ತಕ ಕಂಡಾಗ ಬೆಳ್ಳುಳ್ಳಿಯ ಬುಟ್ಟಿ ಕೈಯಲ್ಲೇ ಉಳಿಯಿತು.

"ಇದನ್ನ ನೋಡು ಸ್ವಲ್ಪ" ಎಂದು ಮಲ್ಲಿಕಾರ್ಜುನ ಕರವಸ್ತ್ರ ಬಿಚ್ಚಿದರು.

"ನಾನು ರಜೇಲಿದ್ದೇನೆ ಸಾವ್ಕಾರ್ರೆ."

"ಗೊತ್ತು. ಕಣಕ್ಕೆ ಬಾ ಅನ್ನಲ್ಲ. ಇಲ್ಲೇ ನೋಡು."

ಪಾಪಮ್ಮ ಒಂದು ಬೀಜ ತೆಗೆದು ಸಿಪ್ಪೆ ಬಿಡಿಸಿ ಬೆಳಕಿಗೆ ಹಿಡಿದರು. ಇನ್ನೊಂದನ್ನು ಕಚ್ಚಿದರು. ಮೂರನೆಯದನ್ನು ಉಗುರಿನಿಂದ ಒತ್ತಿದರು.

"ಅಂಚಿಂದು ತೆಗೆದದ್ದಾ, ನಡುವಿಂದಾ?"

ಮಲ್ಲಿಕಾರ್ಜುನ ಅರುಣ್ ಮುಖ ನೋಡಿದರು. ಅರುಣ್‌ಗೂ ಗೊತ್ತಿರಲಿಲ್ಲ.

"ಅಂಚಿಂದಿರಬೇಕು. ಇದು ಆಗಿದೆ. ನಡುವಿಂದು ಆಗಿರಲ್ಲ, ದಪ್ಪ ಹರವಿದಾರೆ. ಇವತ್ತು ತೆಳ್ಳಗೆ ಮಾಡಿ ಇನ್ನೊಂದು ಬಿಸಿಲು ಕೊಡ್ಸಿ. ನಾಳೆ ಮಧ್ಯಾಹ್ನ ಚೀಲಕ್ಕೆ ತುಂಬಬಹುದು."

ಇಬ್ಬರೂ ಹಿಂದಿರುಗಿದರು. ಅರ್ಧ ದಾರಿಯಲ್ಲಿ ಅರುಣ್ ನಿಂತರು.

"ಸಾರ್, ಈಗ ಅವರು ಕೆಲಸ ಮಾಡಿದ ಹಾಗೆ ಆಗಲಿಲ್ವಾ?"

"ಎಂಥ ಕೆಲಸ? ಮೂರು ಬೀಜ ನೋಡಿದ್ದು."

"ಕಣದಲ್ಲಿ ಅವರು ಮಾಡೋದು ಅದನ್ನೇ ಅಲ್ವಾ? ರಜೇಲಿದ್ದವರ ಹತ್ರ ಕೆಲಸ ಮಾಡಿಸಿದ್ರೆ ಅದಕ್ಕೂ ಒಂದು ಬಿಲ್ಲೆ ಕೊಡಬೇಕಾ?"

ಮಲ್ಲಿಕಾರ್ಜುನ ಅವರನ್ನೇ ನೋಡಿದರು. ಅರುಣ್ ತಮಾಷೆ ಮಾಡುತ್ತಿರಲಿಲ್ಲ.

"ರಜೇಲಿದ್ದವಳು ಅಂದ್ಯಲ್ಲ ಈಗ" ಎಂದರು. "ಅವಳೂ ಅದನ್ನೇ ಅಂದಳು. ನಾನು ಗೊತ್ತು ಅಂದೆ. ಹೌದಾ?"

"ಹೌದು ಸಾರ್."

"ಮೂರು ಜನ ರಜೆ ಅಂದ ಮೇಲೆ ಅದನ್ನ ಗೈರು ಅಂತ ಹೇಗೆ ಬರೀತೀಯಾ? ರಜೆ ಅಂತಲೇ ಬರಿ."

"ಯಾವ ರಜೆ ಅಂತ ಸಾರ್?"

"ರಜೆ ಅಂತ ಬರಿ ಮಾರಾಯ."

ಅರುಣ್ ಆಫೀಸಿಗೆ ಬಂದು ಹತ್ತು ಚುಕ್ಕೆಗಳ ಮೇಲೆ ಶಾಯಿಯಲ್ಲಿ ರಜೆ ಎಂದು ಬರೆದರು. ಜನವರಿ ಇಪ್ಪತ್ತಾರರ ಮನೆಯನ್ನು ಖಾಲಿ ಬಿಟ್ಟರು. ಇದನ್ನು ಯಾರೂ ಪಾಪಮ್ಮನಿಗೆ ತಿಳಿಸಲಿಲ್ಲ. ಅವರು ಮರುದಿನವೂ ಬಿಲ್ಲೆ ತಂದಿಟ್ಟು, ಅದರ ಮರುದಿನವೂ ತಂದಿಟ್ಟು, ಫೆಬ್ರವರಿ ಇಪ್ಪತ್ತೇಳರವರೆಗೆ ಕೆಲಸದ ದಿನದ ಒಂದು ಬೆಳಗ್ಗೆಯನ್ನೂ ತಪ್ಪಿಸಲಿಲ್ಲ. ಆ ವರ್ಷದ ಶಿವರಾತ್ರಿ ಭಾನುವಾರ ಬಿತ್ತು. ಅದಕ್ಕೆ ಸೋಮವಾರ ರಜೆ ಉಂಟೇ ಎಂದು ಲೈನಿನವರು ಕೇಳಿದರು. ಅರುಣ್ ಇಲ್ಲ ಎಂದರು. ಸೋಮವಾರ ಬೆಳಗ್ಗೆ ಪಟ್ಟಿಯನ್ನು ಇನ್ನೊಮ್ಮೆ ಓದಿ, ಗೊತ್ತಿಲ್ಲ ಎಂದರು.

ನಲವತ್ತನೆಯ ದಿನ ಪವಿತ್ರಾ ತಲೆಗೆ ನೀರು ಹಾಕಿಸಿಕೊಂಡಳು. ಮಗು ಕತ್ತು ಎತ್ತಲು ನೋಡುತ್ತಿತ್ತು. ಬಾಣಂತಿ ತಣ್ಣೀರಿಗೆ ಕೈ ಹಾಕಿರಲಿಲ್ಲ.

ಫೆಬ್ರವರಿ ಇಪ್ಪತ್ತೆಂಟರ ಮಂಗಳವಾರ ಪಾಪಮ್ಮ ಹಾಜರಿ ಸಾಲಿನಲ್ಲಿ ಬಂದು ನಿಂತರು. ಖಾಯಂ ಪಟ್ಟಿಯವರ ಸಾಲು ಆಫೀಸಿನ ಮೆಟ್ಟಿಲ ಹತ್ತಿರ, ಹಂಗಾಮಿಯವರದು ಹಲಸಿನ ಮರದ ಕೆಳಗೆ. ಅವರು ಎರಡರ ನಡುವೆ ನಿಂತಿದ್ದರು. "ಇತ್ಲಾಗೆ ಬಾ, ನೆರಳಿದೆ" ಎಂದರು ಮರದ ಕೆಳಗಿನಿಂದ ತಂಗಮ್ಮ. ಪಾಪಮ್ಮ ಅಲುಗಲಿಲ್ಲ. ಅರುಣ್ ಖಾಯಂ ಪಟ್ಟಿ ಓದತೊಡಗಿದರು. ಹನ್ನೊಂದನೆಯ ಹೆಸರು, ಹನ್ನೆರಡನೆಯದು.

"ಪಾಪಮ್ಮ."

"ಬಂದೆ" ಎಂದು ಪಾಪಮ್ಮ ಮೆಟ್ಟಿಲ ಹತ್ತಿರ ಸರಿದರು.

ಹಾಜರಿ ಮುಗಿದ ಮೇಲೆ ಅವರು ಮೇಜಿನ ಹತ್ತಿರ ಹೋದರು. ಉಳಿದ ನಾಲ್ಕು ಬಿಲ್ಲೆಗಳನ್ನು ಕೊಟ್ಟುಬಿಡಿ, ಇನ್ನು ಮೇಲೆ ಬದಲಿ ರಜೆ ಆಯಾ ತಿಂಗಳಲ್ಲೇ ಎಂದು ಸಾವ್ಕಾರ್ರು ಹೇಳಿದ್ದಾರೆ ಎಂದರು ಅರುಣ್.

"ಕೊಡ್ತೇನೆ, ನಾಲ್ಕು ದಿನ ಬೇಕಾದಾಗ. ಜನವರಿ ಇಪ್ಪತ್ತಾರನೇ ತಾರೀಖಿನ ಕೂಲಿ ಬಂತಾ ರೈಟ್ರೆ?"

ಅರುಣ್ ಪುಸ್ತಕ ತೆರೆದರು. ಇಪ್ಪತ್ತೈದರ ಮನೆಯಲ್ಲಿ ರಜೆ, ಇಪ್ಪತ್ತೇಳರ ಮನೆಯಲ್ಲಿ ರಜೆ. ನಡುವಿನದು ಇನ್ನೂ ಖಾಲಿ.

"ಅವತ್ತು ನೀವು ರಜೇಲಿದ್ರಲ್ಲ."

"ಅವತ್ತು ಎಲ್ಲರಿಗೂ ರಜೆ. ನಾನು ಬಿಲ್ಲೆ ಕೊಟ್ಟಿಲ್ಲ."

"ಅದೇ ನನಗೆ ಗೊತ್ತಾಗ್ತಿಲ್ಲ" ಎಂದರು ಅರುಣ್. "ನಾಳೆ ಸಾವ್ಕಾರ್ರನ್ನ ಕೇಳಿ ಹೇಳ್ತೇನೆ."

ಪಾಪಮ್ಮ ನಾಲ್ಕು ಬಿಲ್ಲೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕಣಕ್ಕೆ ಇಳಿದರು. ರಾಶಿಯ ಟಾರ್ಪಾಲು ಸರಿಸಿ, ನಡುವಿಗೆ ಕೈ ಹಾಕಿ ಒಂದು ಹಿಡಿ ತೆಗೆದರು.